ಬಾಣಂತಿ ಕೋಣೆಯ ಗಾಳಿ

ಪಂಚೇಂದ್ರಿಯಗಳಲ್ಲಿ ಮೂಗಿನಷ್ಟು ಬೇಗ ರಾಜಿಯಾಗುವುದು ಇನ್ನೊಂದಿಲ್ಲ. ಪಕ್ಕದ ಮನೆಯ ರೇಡಿಯೋ ಹತ್ತು ವರ್ಷವಾದರೂ ಕಿವಿಗೆ ಪಕ್ಕದ ಮನೆಯದೇ. ಮೂಗು ಹಾಗಲ್ಲ. ಮೊದಲು ಸ್ವಲ್ಪ ಹೊತ್ತು ಜಗಳವಾಡುತ್ತದೆ, ಆಮೇಲೆ ಹೊಂದಿಕೊಂಡು ಸುಮ್ಮನಾಗುತ್ತದೆ. ಲೋಕಲ್ ಗಾಡಿ ಮಾಹೀಮ್ ಖಾಡಿಯ ನಾರುವ ನೀರು ದಾಟುವಾಗ ಹೊಸಬರು ಕರವಸ್ತ್ರ ತೆಗೆಯುತ್ತಿದ್ದರು. ದಾದರ್‌ನ ಆಫೀಸಿಗೆ ಓಡಾಡಿ ಹಳಬನಾದ ನಾನು ಅದೇ ಜಾಗದಲ್ಲಿ ಡಬ್ಬಿ ಬಿಚ್ಚಿ ಉಳಿದ ಚಪಾತಿ ತಿಂದಿದ್ದೇನೆ. ಇದನ್ನು ಸಹನೆ ಅನ್ನಬೇಕೋ ನಾಚಿಕೆಗೇಡಿತನ ಅನ್ನಬೇಕೋ, ನೀವೇ ಹೇಳಿ.

ಇಂಥ ಮೂಗಿನ ಮೇಲೆ ನನ್ನ ಮಗಳ ಮೊದಲ ಉಸಿರುಗಳ ಜವಾಬ್ದಾರಿ ಬಿತ್ತು. ಎಂಬತ್ತರ ದಶಕದ ಒಂದು ಮಳೆಗಾಲ. ವಿಲೆ ಪಾರ್ಲೆಯ ಒಂದು ಬಿಲ್ಡಿಂಗಿನ ನೆಲಮಹಡಿಯಲ್ಲಿ ನಮ್ಮದೊಂದು ಕೋಣೆ, ಅಡುಗೆಮನೆ, ಬಚ್ಚಲು. ಹೆಂಡತಿ ನಿರ್ಮಲಾ ಹೆತ್ತು ಆಸ್ಪತ್ರೆಯಲ್ಲಿದ್ದಳು. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕಿತ್ತು. ಡಾಕ್ಟರಬಾಯಿ ರೈಲು ಪ್ರಯಾಣ ಬೇಡವೆಂದಿದ್ದರಿಂದ ತವರೇ ಧಾರವಾಡದಿಂದ ಎದ್ದು ಬಂದಿತ್ತು, ನನ್ನ ಅತ್ತೆಯ ರೂಪದಲ್ಲಿ. ಅಂಟಿನುಂಡಿ, ತುಪ್ಪದ ಡಬ್ಬಿ, ಬಜೆ, ಅಜವಾನ, ಧೂಪಕ್ಕೆ ಲೋಬಾನ, ಮೆತ್ತಗಾದ ಹಳೆಯ ಸೀರೆಗಳು, ಸಾಲದ್ದಕ್ಕೆ ಒಂದು ಅಗ್ಗಿಷ್ಟಿಗೆ ಬೇರೆ. ಅವರಿಗೆ ಇವಳೊಬ್ಬಳೇ ಮಗಳು. ಈ ಬಾಣಂತನ ಅವರು ವರ್ಷಗಟ್ಟಲೆ ಕಾದಿದ್ದ ಹಬ್ಬ.

ಅತ್ತೆ ಹಳೆಯ ಕಾಲದವರು, ಅಳಿಯನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಮಗಳ ಮೂಲಕ ಮಾತು ಬರುತ್ತಿತ್ತು, ಮಗಳ ಮೂಲಕವೇ ಹೋಗುತ್ತಿತ್ತು. ಮಗಳು ಆಸ್ಪತ್ರೆ ಸೇರಿದ ಮೇಲೆ ಆ ಕೆಲಸಕ್ಕೆ ಕುಕ್ಕರು ನೇಮಕವಾಗಿತ್ತು. "ಊಟಕ್ಕ ಹೊತ್ತಾತು," ಎಂದು ಅದಕ್ಕೆ ಹೇಳುತ್ತಿದ್ದರು, ನಾನು ಹೋಗಿ ಕೂರುತ್ತಿದ್ದೆ.

ತಾಯಿ-ಕೂಸು ಮನೆಗೆ ಬರಲು ಇನ್ನೆರಡು ದಿನ ಇರುವಾಗ ಮಳೆ ಹಿಡಿದುಕೊಂಡಿತು. ಗಟಾರ ಕಟ್ಟಿಕೊಂಡಿತು. ಕೆಳಗೆ ಹೋಗಬೇಕಾದದ್ದೆಲ್ಲ ದಿಕ್ಕು ಬದಲಿಸಿ ನಮ್ಮ ಬಚ್ಚಲಿನಿಂದ ಮೇಲೆದ್ದು ಕೋಣೆಗೆ ಬಂತು. ಬಿಲ್ಡಿಂಗಿನ ಐದು ಮಹಡಿಗಳ ಗುಟ್ಟು ನಮ್ಮ ಹಾಸಿಗೆಯ ಕೆಳಗೆ ತೇಲಿತು. ಛೀ, ಬೇಡ, ಅದನ್ನು ವರ್ಣಿಸುವುದಿಲ್ಲ. ಸೊಸೈಟಿಯವರು ಗಟಾರ ಬಿಡಿಸಿದರು, ನೀರು ಇಳಿಯಿತು. ಅತ್ತೆಯೂ ನಾನೂ ಮಾತಿಲ್ಲದೆ ಬಕೆಟ್ ಬಕೆಟ್ ನೀರು ಸುರಿದು ತೊಳೆದೆವು. ಹೊಲಸು ಹೋಯಿತು, ವಾಸನೆ ಮಾತ್ರ ಬಾಡಿಗೆದಾರನ ಹಾಗೆ ಉಳಿಯಿತು.

ಆಗ ನಾನು ಬುದ್ಧಿವಂತಿಕೆ ತೋರಿಸಿದೆ. ಸ್ಟೇಷನ್ ಹತ್ತಿರದ ಅಂಗಡಿಯಿಂದ ಫಿನಾಯಿಲು, ಡಾಂಬರ್ ಗುಳಿಗೆ, ಗುಲಾಬಿ ಊದಿನಕಡ್ಡಿ, ಬ್ಲೀಚಿಂಗ್ ಪೌಡರು, ಸಂಡಾಸಿಗೆ ಹಾಕುವ ಆಸಿಡ್ಡು, ಎಲ್ಲ ತಂದೆ. ಅಕ್ಕಪಕ್ಕದವರಿಗೆ ವಾಸನೆ ಹೋಗಿ ಮರ್ಯಾದೆ ಕಳೆಯಬಾರದಲ್ಲ, ಕಿಟಕಿ ಮುಚ್ಚಿದೆ. ಒಂದು ಔಷಧಕ್ಕಿಂತ ಎರಡು ಮೇಲೆಂದು ಬ್ಲೀಚಿಂಗ್ ಪೌಡರಿನ ಮೇಲೆ ಆಸಿಡ್ಡು ಸುರಿದೆ. ಅಯ್ಯೋ ದೇವರೇ! ಹಸಿರು ಹೊಗೆಯೊಂದು ಎದ್ದು ಗಂಟಲು ಹಿಡಿಯಿತು. ಕಣ್ಣಲ್ಲಿ ಖಾರ, ಎದೆಯಲ್ಲಿ ಬೆಂಕಿ. ಅತ್ತೆ ಸೆರಗು ಮುಚ್ಚಿಕೊಂಡು ಹೊರಗೆ ಓಡಿದರು, ಹಿಂದೆ ನಾನು. ಅಂಗಳದಲ್ಲಿ ಇಬ್ಬರೂ ಕೆಮ್ಮುತ್ತ ನಿಂತಾಗ ಮರ್ಯಾದೆಯ ವಿಷಯ ಇಡೀ ಬಿಲ್ಡಿಂಗಿಗೆ ತಿಳಿದೇಹೋಯಿತು.

ನನ್ನ ಸೋದರಮಾವನೊಬ್ಬ ತರ್ಕ ಓದಿದವನು. ಗಂಧವೆಂಬುದು ಭೂಮಿಯ ಗುಣ, ಗಾಳಿಗೆ ಸ್ವಂತ ವಾಸನೆ ಇಲ್ಲ, ಅದು ಬರೀ ಹೊರುತ್ತದೆ, ಆದ್ದರಿಂದಲೇ ಅದಕ್ಕೆ ಗಂಧವಹನೆಂದು ಹೆಸರು ಎನ್ನುತ್ತಿದ್ದ. ಚಿಕ್ಕಂದಿನಲ್ಲಿ ಇದನ್ನು ಕೇಳಿ ಆಕಳಿಸಿದ್ದೆ. ಅಂಗಳದಲ್ಲಿ ಕೆಮ್ಮುವಾಗ ಅರ್ಥವಾಯಿತು. ಗಾಳಿ ಪಾಪ, ಹಮಾಲ. ಹಮಾಲನಿಗೆ ಅತ್ತರು ಪೂಸಿದರೆ ತಲೆಯ ಮೇಲಿನ ಮೂಟೆ ಹಗುರಾಗುತ್ತದೆಯೇ? ನೆಲದಲ್ಲಿ, ಗೋಡೆಯಲ್ಲಿ, ನೆನೆದ ಗಾದಿಯಲ್ಲಿ ಹೊಲಸು ಇರುವ ತನಕ ಊದಿನಕಡ್ಡಿ ಹಚ್ಚುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಡಾಕ್ಟರಬಾಯಿಯೂ ಹೆಚ್ಚು ಕಡಿಮೆ ಇದನ್ನೇ ಹೇಳಿದರು, ತರ್ಕಶಾಸ್ತ್ರವಿಲ್ಲದೆ. ಮೊದಲು ನನಗೆ ಚೆನ್ನಾಗಿ ಬೈದರು. ಆ ಎರಡು ವಸ್ತು ಎಂದೂ ಕೂಡಿಸಬಾರದು, ಪ್ರಾಣಕ್ಕೆ ಬರುತ್ತದೆ. ನೆನೆದ ಗಾದಿ ಎಸೆಯಿರಿ. ಸಾಬೂನು ನೀರಿನಿಂದ ತಿಕ್ಕಿ, ಆಮೇಲೆ ಬ್ಲೀಚಿಂಗ್ ಪೌಡರಿನ ತೆಳು ನೀರೊಂದನ್ನೇ ಹಾಕಿ ತೊಳೆಯಿರಿ. ಎಲ್ಲ ಕಿಟಕಿ ತೆರೆಯಿರಿ, ನೆಲ ಒಣಗಿದ ಮೇಲೆ ಟೇಬಲ್ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖವಾಗಿಟ್ಟು ಒಳಗಿನ ಗಾಳಿ ಹೊರಗೆ ದಬ್ಬಿ. ಹೊಗೆ, ಧೂಪ ಏನೂ ಬೇಡ. ಗೋಡೆ ಒಣಗಿ ವಾಸನೆ ಪೂರ್ತಿ ಹೋಗುವ ತನಕ ಕೂಸನ್ನು ಅಲ್ಲಿಗೆ ಒಯ್ಯಕೂಡದು, ಬೇರೆ ಮನೆ ನೋಡಿಕೊಳ್ಳಿ ಎಂದರು.

ಬೇರೆ ಮನೆ ಇತ್ತು. ಮಲಾಡಿನಲ್ಲಿ ನನ್ನ ಅಕ್ಕನದು, ಮೂರನೆಯ ಮಹಡಿ. ಆದರೆ ಅಳಿಯನ ಮನೆಯಲ್ಲಿ ಇರುವುದಕ್ಕೇ ಸಂಕೋಚಪಡುತ್ತಿದ್ದ ಅತ್ತೆ ಅಳಿಯನ ಅಕ್ಕನ ಮನೆಯಲ್ಲಿ ಉಳಿಯುವುದುಂಟೇ? ಕೂಸು ಮಲಾಡಿಗೆ ಹೋದರೆ ಅತ್ತೆ ಧಾರವಾಡಕ್ಕೆ. ಅದು ಅವರಿಗೂ ಗೊತ್ತಿತ್ತು, ನನಗೂ. ಆಸ್ಪತ್ರೆಯ ಮಂಚದ ಬಳಿ ನಾನು ನಿರ್ಮಲಾಗೆ, "ಧೂಪ ಬ್ಯಾಡಂತ, ಕಿಡಕಿ ತಗೀಬೇಕಂತ, ಹೇಳು ನಿಮ್ಮ ಅವ್ವಗ," ಎಂದೆ.

"ಬಾಣಂತಿ ಖೋಲಿ ಕಿಡಕಿ ತಗದ್ರ ಥಂಡಿ ಹತ್ತತದ ಅಂತ ಅವರಿಗೆ ಹೇಳವಾ," ಎಂದರು ಅತ್ತೆ, ನನ್ನಿಂದ ಮೊಳ ದೂರದಲ್ಲಿ ನಿಂತು.

"ಇಬ್ಬರಿಗೂ ಕೇಳಸ್ತಲ್ಲ?" ಎಂದಳು ನಿರ್ಮಲಾ. "ನನಗ ನಿದ್ದಿ ಬಂದದ."

ಆದರೂ ಅತ್ತೆ ಮನೆಗೆ ಬಂದವರೇ ಕಚ್ಚೆ ಬಿಗಿದರು. ಅವರು ತಿಕ್ಕಿದ್ದನ್ನು ನೋಡಬೇಕಿತ್ತು. ಗೋಡೆ, ಕಪಾಟಿನ ಕಾಲು, ಬಾಗಿಲ ಚೌಕಟ್ಟು, ಒಂದನ್ನೂ ಬಿಡಲಿಲ್ಲ. ಕಿಟಕಿ ತೆರೆದರು, ಫ್ಯಾನಿಗೆ ದಾರಿ ಬಿಟ್ಟರು, ಅಗ್ಗಿಷ್ಟಿಗೆಯನ್ನು ಮೂಲೆಗೆ ಸರಿಸಿದರು. ಅದೆಲ್ಲ ಆ ಕೋಣೆಯಲ್ಲಿ ಮೊಮ್ಮಗಳಿಗೆ ಎಣ್ಣೆ-ನೀರು ಹಾಕುವ ಆಸೆಗಾಗಿ.

ಮನೆಗೆ ಕರೆತರುವ ದಿನ ಮುಂಜಾನೆ ಆಸ್ಪತ್ರೆಗೆ ತಿಂಡಿ ಕೊಟ್ಟು ಇಬ್ಬರೂ ವಾಪಸಾದೆವು. ಮೂಗಿನ ಪರೀಕ್ಷೆಗೆ ಅದೇ ಸರಿಯಾದ ಗಳಿಗೆ. ಒಳಗೇ ಕೂತ ಮೂಗು ಲಂಚ ತಿಂದ ಸಾಕ್ಷಿ, ಹೊರಗಿನಿಂದ ಬಂದ ಮೂಗು ಮಾತ್ರ ನಿಜ ಹೇಳುತ್ತದೆ. ಬಾಗಿಲು ತೆರೆದು ಅತ್ತೆ ಹೊಸ್ತಿಲಲ್ಲೇ ನಿಂತರು. ನಾನೂ ಉಸಿರೆಳೆದೆ. ಸಣ್ಣಗೆ ಇತ್ತು. ಅವರ ಮುಖ ನೋಡಿದೆ, ಇಲ್ಲವೆನ್ನಲು ಮನಸ್ಸಾಯಿತು.

"ಏನೂ ಇಲ್ಲ ಬಿಡ್ರಿ," ಎಂದೆ. "ಒಂದೀಟು ಲೋಬಾನ ಹಾಕಿದ್ರ ಆತು."

ಅತ್ತೆ ತಿರುಗಿ, ಮೊಟ್ಟಮೊದಲ ಸಲ, ನನ್ನ ಮುಖ ನೋಡಿಯೇ ಮಾತಾಡಿದರು. "ಇಲ್ರಿ, ಇನ್ನೂ ಅದ. ಧೂಪ ಹಾಕಿ ನಮ್ಮ ಮೂಗಿಗೆ ಮೋಸ ಮಾಡಬಹುದು, ಕೂಸಿನ ಎದಿಗೆ ಏನ ಮಾಡೂದು? ಮಲಾಡಕ್ಕಽ ಒಯ್ರಿ. ನನ್ನ ಧಾರವಾಡದ ಗಾಡಿ ಹತ್ತಿಸಿಬಿಡ್ರಿ."

ಹಾಗೆಂದು ಗಂಟಿನ ಮುಂದೆ ಕೂತು ಅಂಟಿನುಂಡಿ, ತುಪ್ಪ, ಬಜೆ ಎಲ್ಲವನ್ನೂ ಅಕ್ಕನಿಗಾಗಿ ಬೇರೆ ಕಟ್ಟತೊಡಗಿದರು. ಒಂದು ಹಳೆಯ ಸೀರೆಯನ್ನು ಮಡಚಿದ್ದೇ ಮಡಚಿದ್ದು, ಬಿಚ್ಚಿದ್ದೇ ಬಿಚ್ಚಿದ್ದು. ನಾನು ಅಕ್ಕನಿಗೆ ಸುದ್ದಿ ಮುಟ್ಟಿಸಲು ಹೊರಟೆ.

ಅಕ್ಕ ತಾಯಿ-ಕೂಸನ್ನು ಒಯ್ಯಲು ಟ್ಯಾಕ್ಸಿ ಮಾಡಿಕೊಂಡು ಆಸ್ಪತ್ರೆಗೆ ಬಂದಳು. ಅತ್ತೆ ಗಂಟನ್ನು ಅವಳ ಕೈಗಿಡಲು ಹೋದರು. ಅಕ್ಕ ಅದನ್ನು ತೆಗೆದುಕೊಳ್ಳಲೇ ಇಲ್ಲ. "ಮಾವಶೀ, ಕೂಸಿಗೆ ನೀರ ಹಾಕಲಿಕ್ಕೆ ನನಗ ಬರೂದಿಲ್ಲ. ಕೈ ನಡಗ್ತಾವ. ನೀವು ಬರದಿದ್ರ ನಾ ಕೂಸಿನ್ನ ಒಯ್ಯಂಗಿಲ್ಲ, ನೋಡ್ರಿ," ಎಂದು ಹಟ ಹಿಡಿದಳು. ಎರಡು ಮಕ್ಕಳನ್ನು ತಾನೇ ಮೀಯಿಸಿ ಬೆಳೆಸಿದವಳು, ಎಷ್ಟು ಚೆಂದ ಸುಳ್ಳು ಹೇಳಿದಳು! ಅತ್ತೆ ಬೇಡ ಬೇಡವೆನ್ನುತ್ತಲೇ ಟ್ಯಾಕ್ಸಿ ಹತ್ತಿದರು, ಕೂಸು ಅವರ ತೊಡೆ ಹತ್ತಿತು.

ಮಲಾಡಿನ ಮನೆಯಲ್ಲಿ ಬಾಣಂತಿಯನ್ನು ಮಂಚದ ಮೇಲೆ ಕೂರಿಸಿದ್ದೇ ಅಕ್ಕ ಸಂಪ್ರದಾಯ ಬಲ್ಲವಳಂತೆ ಕಿಟಕಿ ಮುಚ್ಚಲು ಹೋದಳು.

"ಬ್ಯಾಡವಾ, ತೆರದಿರಲಿ," ಎಂದರು ಅತ್ತೆ, ನಿರ್ಮಲಾಳ ತಲೆಗೆ ಅರಿವಿ ಸುತ್ತುತ್ತ. "ಕೂಸಿಗೆ ಗಾಳಿ ಬರಲಿ. ಇಕಿ ಕಿವಿ ನಾ ಕಟ್ಟತೀನಿ."