ಮಾಸ್ತರರ ಮಣೆ ದುಂಡಗಾದದ್ದು

“ಅವ್ವಾ, ಜಯಪಾಲ ಅಜ್ಜಗ ಗೋಲ್ ತೆಗಿಯಾಕ ಬರೂದಿಲ್ಲೇನು?”

ಐದು ವರ್ಷದ ಮಯೂರಿ ಇದನ್ನು ಕೇಳಿದಾಗ ತಾಯಿ ಸರಿತಾ ಚಪಾತಿ ಮಾಡುತ್ತಿದ್ದಳು. ಲಟ್ಟಣಿಗೆ ಅಲ್ಲಿಯೇ ನಿಂತಿತು. ಕೆಳಗಿನ ಮನೆಯ ಜಯಪಾಲ ಮಾಸ್ತರರು ಪ್ರೀತಿಯಿಂದ ಮಾಡಿಕೊಟ್ಟ ಸಾಗವಾನಿ ಮಣೆಯನ್ನು ಅವಳು ಕತ್ತು ವಾಲಿಸಿ ನೋಡಿದಳು. ದುಂಡಗೆ ಇರಬೇಕಾದದ್ದು ಯಾವ ಕಡೆಯಿಂದ ನೋಡಿದರೂ ಮಾವಿನಕಾಯಿ. ಆ ಮಣೆ ಬಂದಂದಿನಿಂದ ಮನೆಯ ಚಪಾತಿಯೂ ಅದೇ ರೂಪ ತಾಳಿತ್ತು.

“ಹಂಗ ಅನಬಾರದು. ಅಜ್ಜಾರು ಸಾಲ್ಯಾಗ ಡ್ರಾಯಿಂಗ್ ಮಾಸ್ತರ ಇದ್ರು.”

“ಮತ್ತ?”

ಈ ‘ಮತ್ತ’ ಅಥಣಿಯ ಆ ಓಣಿಗೆಲ್ಲ ಇದ್ದ ಪ್ರಶ್ನೆಯೇ. ಮೂವತ್ತೆರಡು ವರ್ಷ ಚಿತ್ರಕಲೆ ಕಲಿಸಿದ ಮಾಸ್ತರರು ಸೀಮೆಸುಣ್ಣ ಹಿಡಿದು ತೋಳನ್ನೊಮ್ಮೆ ಬೀಸಿದರೆ ಹಲಗೆಯ ಮೇಲೆ ಹುಣ್ಣಿಮೆಯ ಚಂದ್ರ ಮೂಡುತ್ತಿದ್ದ. ಹುಡುಗರು ಕೈವಾರ ಇಟ್ಟು ಅಳೆದು ನೋಡಿ ಸೋಲುತ್ತಿದ್ದರು. ನಿವೃತ್ತಿಯಾದ ಮೇಲೆ ಅವರು ಇಚಲಕರಂಜಿಯಿಂದ ಒಂದು ಹಳೆಯ ಕೆತ್ತನೆ ಮಶೀನು ತಂದರು. ಮಂಚದಷ್ಟು ದೊಡ್ಡದು, ಮೂರು ಮೋಟಾರು. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಅದು ತಾನಾಗಿಯೇ ಓಡಾಡಿ ಕಟ್ಟಿಗೆಯಲ್ಲಿ ಕೆತ್ತುತ್ತದೆ. ಆದರೆ ಅದರ ಮೊದಲಿನ ಯಜಮಾನ ಒಂದು ಬದಿಯ ಸ್ಕ್ರೂ ರಾಡನ್ನು ಬದಲಾಯಿಸಿ ಬೇರೆ ಅಳತೆಯದನ್ನು ಹಾಕಿದ್ದ. ಮೋಟಾರುಗಳನ್ನು ಓಡಿಸುವ ಬೋರ್ಡಿಗೆ ಆ ಸುದ್ದಿ ಗೊತ್ತಿರಲಿಲ್ಲ. ತಿಳಿಸೋಣವೆಂದರೆ ಅದರ ಪಾಸ್‌ವರ್ಡು ಯಾರಿಗೂ ನೆನಪಿರಲಿಲ್ಲ. ಹೀಗಾಗಿ ಅದು ಒಂದು ಬದಿಗೆ ಯಾವಾಗಲೂ ನಾಲ್ಕು ಹೆಜ್ಜೆ ಹೆಚ್ಚೇ ಹೋಗಿ, ದುಂಡಗೆ ಬರೆದದ್ದು ಉದ್ದವಾಗುತ್ತಿತ್ತು.

“ಕಾಕಾ, ಕಂಪ್ಯೂಟರದಾಗ ಒಂದೀಟು ಅಮುಕಿ ತೆಗದ್ರ ಹೊರಗ ದುಂಡ ಬರತೈತೆಲ್ರಿ?” ಎಂದು ಸರಿತಾ ಒಮ್ಮೆ ಕೇಳಿದ್ದಳು.

ಮಾಸ್ತರರ ಮುಖ ಕೆಂಪಾಗಿತ್ತು. “ನಾ ಬೇಕಂತ ಸೊಟ್ಟ ಗೋಲ್ ತೆಗೀಲ್ಯಾ? ಈ ಕೈಲೆ? ಸಾಧ್ಯನ ಇಲ್ಲವ್ವಾ!”

ಓಣಿಯ ಹನ್ನೊಂದು ಮನೆಗಳಲ್ಲಿ ಮಾವಿನಕಾಯಿ ಮಣೆಗಳು ತುಂಬಿಕೊಂಡವು. ಯಾರೂ ಬೇಡ ಎನ್ನಲಿಲ್ಲ, ಏಕೆಂದರೆ ಅರ್ಧ ಓಣಿ ಮಾಸ್ತರರ ಕೈಯಲ್ಲಿ ಕಿವಿ ಹಿಂಡಿಸಿಕೊಂಡೇ ದೊಡ್ಡದಾದದ್ದು. ಬಾಯಿ ಬಿಡುತ್ತಿದ್ದವಳು ಅವರ ಹೆಂಡತಿ ಕಾಶಿಬಾಯಿ ಒಬ್ಬಳೇ. ಮಶೀನಿಗೆ ಅವಳು ಇಟ್ಟ ಹೆಸರು ‘ಸವತಿ’.

“ಸವತಿ ಎದ್ದಳೇನ್ರಿ? ಅಕಿಗಿ ಎಣ್ಣಿ ಹಚ್ಚಿದ್ರೇನ್ರಿ? ನನ್ನ ಮಣಕಾಲಿಗಿ ಒಂದ ದಿನ ಹಚ್ಚಲಿಲ್ಲ ನೀವು.”

ಕೊನೆಗೆ ಒಂದು ದಿನ ಕಾಶಿಬಾಯಿ ಎಲ್ಲರೆದುರು ಹೇಳಿಬಿಟ್ಟಳು. “ಬರೂ ರವಿವಾರದೊಳಗ ಒಂದ ದುಂಡನ ಮಣಿ ಮಾಡಿ ತೋರಸ್ರಿ. ಇಲ್ಲಾಂದ್ರ ಸವತಿ ಗುಜರಿಗಿ, ಅಕಿ ಇರೂ ಖೋಲಿ ನನ್ನ ಘರಘಂಟಿ ಗಿರಣಿಗಿ. ಮನ್ಯಾಗ ಗೋದಿ ಬೀಸೂದಾದ್ರೂ ಆಕ್ಕೈತಿ.”

ಮಾಸ್ತರರು ಪುಣೆಯಿಂದ ಹೊಸ ಬೋರ್ಡು ತರಿಸಿದರು. ಪ್ರತಿಯೊಂದು ಬದಿಗೂ ಬೇರೆ ಬೇರೆ ಅಳತೆ ಹೇಳಿಕೊಡಬಹುದಾದ ಬೋರ್ಡು ಅದು. ಜೊತೆಗೆ ಮೂಲೆಗೆ ಕೂರಿಸಲು ಬೆರಳಿನುಗುರಿನಷ್ಟು ದೊಡ್ಡ ಒಂದು ‘ಕಣ್ಣು’. ಕೆಲಸ ಶುರು ಮಾಡುವ ಮೊದಲು ಮಶೀನು ಮೂಲೆಗೆ ಹೋಗಬೇಕು. ಅಲ್ಲಿ ಅದರ ತಗಡಿನ ನಾಲಿಗೆ ಆ ಕಣ್ಣಿನ ಬೆಳಕನ್ನು ತಡೆದರೆ ‘ಮೂಲೆ ಬಂತು’ ಎಂದು ತಿಳಿದು, ಅಲ್ಲಿಂದ ಹೆಜ್ಜೆ ಎಣಿಸಲು ಶುರು ಮಾಡುತ್ತದೆ. ಮಂಗಳವಾರ ಸಂಜೆ ಎಲ್ಲ ಜೋಡಿಸಿ ನೋಡಿದರು. ಮೂರೂ ಮೋಟಾರು ಬೆಣ್ಣೆಯಲ್ಲಿ ಚೂರಿ ಓಡಿದಂತೆ ಓಡಿದವು. ನಾಳೆ ಬಸದಿಗೆ ಹೋಗಿ ಬಂದು ಮೊದಲ ಮಣೆ ಕೆತ್ತುವುದೆಂದು ಮಾಸ್ತರರು ನಿಶ್ಚಿಂತೆಯಿಂದ ಮಲಗಿದರು.

ಬುಧವಾರ ಬಸದಿಯಿಂದ ಬಂದು ಗುಂಡಿ ಒತ್ತಿದರೆ ಮಶೀನು ಮೂಲೆಯ ಕಡೆ ಹೋಗಲೇ ಇಲ್ಲ. ನಿಂತಲ್ಲಿಯೇ ಅರ್ಧ ಬೆರಳಿನಷ್ಟು ಹಿಂದೆ ಸರಿದು, ‘ಕೀಂ’ ಎಂದು ಕೂಗಿ ಸುಮ್ಮನಾಯಿತು. ಮತ್ತೆ ಒತ್ತಿದರೆ ಮತ್ತೆ ‘ಕೀಂ’. ಪುಣೆಗೆ ಫೋನು ಹೋಯಿತು. “ಕಾಕಾ, ವಾಯರ್ ಚೆಕ್ ಕರಾ” ಎಂದು ಮರಾಠಿಯಲ್ಲಿ ಹೇಳಿದ ಆ ಕಡೆಯ ಹುಡುಗ. ಮಾಸ್ತರರು ಎಲ್ಲ ವಾಯರು ಬಿಚ್ಚಿ ಮತ್ತೆ ಜೋಡಿಸಿದರು. ಗುರುವಾರ ಮತ್ತೊಮ್ಮೆ. ಶುಕ್ರವಾರ ಸಾಲದೆಂಬಂತೆ ಎರಡು ಸಲ. ಬಸದಿಗೆ ಹೋಗಿ ಬಂದಷ್ಟೂ ಮಶೀನಿನ ಹಟ ಹೆಚ್ಚುತ್ತಲೇ ಇತ್ತು. ಓಣಿಯ ಹೆಂಗಸರು ಕಿಟಕಿಯ ಬಳಿ ಬಂದು, ಯಾರಿಗೋ ಹುಷಾರಿಲ್ಲದಾಗ ಕೇಳುವ ಹಾಗೆ ವಿಚಾರಿಸಿಕೊಂಡು ಹೋಗುತ್ತಿದ್ದರು.

“ಹೆಂಗದಾಳ್ರಿ ಈಗ?” ಎಂದಳು ಎದುರುಮನೆಯ ಅಕ್ಕುತಾಯಿ.

“ನಾಡದ ಕಳಸತೇವಿ,” ಎಂದಳು ಕಾಶಿಬಾಯಿ. ಗುಜರಿಯವನಿಗೆ ಅವಳು ಆಗಲೇ ಹೇಳಿಟ್ಟಿದ್ದಳು. ಹಾಗೆ ಹೇಳುವಾಗ ಅವಳ ದನಿ ಯಾಕೋ ಸಣ್ಣದಾದದ್ದನ್ನು ಸರಿತಾ ಗಮನಿಸಿದಳು.

ಶನಿವಾರ ಸರಿತಾ ಕೆಳಗೆ ಬಂದದ್ದು ಮೊಸರಿಗೆ ಹೆಪ್ಪು ಕೇಳಲು. ಮಾಸ್ತರರು ನೆಲದ ಮೇಲೆ ಕಾಲು ಚಾಚಿ ಕೂತು, ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಹಾಗೆ ಗೋಡೆ ನೋಡುತ್ತಿದ್ದರು. ಸರಿತಾಗೆ ಬೋರ್ಡೂ ಗೊತ್ತಿಲ್ಲ, ಮೋಟಾರೂ ಗೊತ್ತಿಲ್ಲ. ಆದರೆ ಮಗುವಿನ ತಾಯಿಯಾದವಳಿಗೆ ಒಂದು ಅಭ್ಯಾಸ ಇದ್ದೇ ಇರುತ್ತದೆ: ಯಾವುದು ಕಿರಿಕಿರಿ ಮಾಡಿದರೂ ಮೊದಲು ಅದರ ಮೂಗು, ಕಿವಿ, ಬಾಯಿ ನೋಡುವುದು. ಅವಳು ಮೊಬೈಲಿನ ಟಾರ್ಚು ಹಚ್ಚಿ ಮಶೀನಿನ ಹಿಂದೆ ಬಗ್ಗಿದಳು.

“ಕಾಕಾ, ಇದರ ಕಣ್ಣಾಗ ಏನೋ ಬಿದ್ದೈತ್ರಿ.”

“ಧೂಳ ಇರಬೇಕ ತಗೊ.”

“ಧೂಳ ಕೆಂಪ ಇರತೈತೇನ್ರಿ?”

ಅವಳು ಮೇಲಿನಿಂದ ಮಯೂರಿಯ ಕಿವಿ ಒರೆಸುವ ಹತ್ತಿಯ ಕಡ್ಡಿ ತಂದು ಆ ಸಂದಿಯಲ್ಲಿ ಮೆಲ್ಲಗೆ ಆಡಿಸಿದಳು. ಕಡ್ಡಿಯ ತುದಿಗೆ ಒದ್ದೆ ಕುಂಕುಮ ಬಂತು. ಇನ್ನೊಂದು ಕಡ್ಡಿಗೆ ಅರಿಷಿಣ ಬಂತು. ಮೂರನೆಯದಕ್ಕೆ ಎರಡು ಅಕ್ಕಿಕಾಳು.

ಮಾಸ್ತರರು ಕಡ್ಡಿಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ನೋಡಿದರು. ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಕಾಶಿಬಾಯಿ ಒಗ್ಗರಣೆ ಹಾಕುತ್ತ ಸವತಿಯನ್ನು ಜೋರಾಗಿ ಬೈಯುತ್ತಿದ್ದಳು. ಈಗ ತಿಳಿಯಿತು: ದಿನವೂ ಮಾಸ್ತರರು ಬಸದಿಗೆ ಹೊರಟಿದ್ದೇ ತಡ, ಅವಳು ಕದ ಮುಚ್ಚಿಕೊಂಡು ಆ ಸವತಿಗೇ ಪೂಜೆ ಮಾಡುತ್ತಿದ್ದಳು! ಕೆಂಪು ದೀಪ ಮಿನುಗುವ ಆ ಪುಟ್ಟ ಕಣ್ಣೇ ಅದರ ಹಣೆಯಿರಬೇಕೆಂದು ತಿಳಿದು, ಬೆರಳು ಅದ್ದಿ ಅಲ್ಲಿಯೇ ಬೊಟ್ಟಿಡುತ್ತಿದ್ದಳು. ಬೆಳಕಿಗೆ ಕುಂಕುಮ ಅಡ್ಡ ಬಂದು, ಮೂಲೆಯಿಂದ ಮೂರಡಿ ದೂರವಿದ್ದರೂ ಮಶೀನು ‘ಮೂಲೆ ಬಂತು’ ಎಂದುಕೊಂಡು ಗಾಬರಿಯಾಗಿ ಕೂಗುತ್ತಿತ್ತು.

ಮಾಸ್ತರರಿಗೆ ನಗು ಬಂತು. ಹೊರಗೆ ಕೇಳಿಸಬಾರದೆಂದು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಗುವಷ್ಟರಲ್ಲಿ ಕಣ್ಣೀರೂ ಬಂದದ್ದರಿಂದ ಅದೇ ಟವೆಲ್ಲು ಅದಕ್ಕೂ ಆಯಿತು.

ಗುಂಡಿ ಒತ್ತಿದರು. ಮಶೀನು ಸುಮ್ಮನೆ ಮೂಲೆಗೆ ಹೋಗಿ ನಾಲಿಗೆ ತಾಗಿಸಿ ಬಂತು. ಅರ್ಧ ಗಂಟೆಯಲ್ಲಿ ಮಣೆ ಸಿದ್ಧವಾಯಿತು. ಕಾಶಿಬಾಯಿ ಒದ್ದೆ ಕೈ ಒರೆಸಿಕೊಂಡು ಬಂದು ಮಣೆಯ ಮೇಲೆ ತನ್ನ ಊಟದ ತಾಟನ್ನೇ ಬೋರಲು ಹಾಕಿ ಸುತ್ತ ಬೆರಳಾಡಿಸಿದಳು. ಎಲ್ಲಿಯೂ ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

“ಬಂತ ನೋಡ್ರಿ ದಾರಿಗಿ,” ಎಂದಳು. “ನಾ ಗುಜರಿಗಿ ಹಾಕತೇನಿ ಅಂದಿದ್ದಕ್ಕ ಹೆದರೇತಿ.” ಗುಜರಿಯವನಿಗೆ ಫೋನು ಮಾಡಿ ಬರಬೇಡವೆಂದಳು. ಘರಘಂಟಿಯನ್ನು ಪಡಸಾಲೆಯಲ್ಲೇ ಇಡುವುದೆಂದು ಅವಳೇ ತೀರ್ಮಾನ ಮಾಡಿ ಒಳಗೆ ಹೋದಳು.

ಸರಿತಾ ಹೆಪ್ಪಿನ ಬಟ್ಟಲು ಹಿಡಿದು ಮೆಟ್ಟಿಲು ಹತ್ತುವಾಗ ಮಾಸ್ತರರು ಹಿಂದಿನಿಂದ ಮೆಲ್ಲಗೆ ಕರೆದರು. ಅಡುಗೆಮನೆಯ ಕಡೆ ಒಮ್ಮೆ ನೋಡಿ ಹತ್ತಿರ ಬಂದರು.

“ಸರಿತಾ, ಒಂದ ಉಪಕಾರ ಮಾಡವ್ವಾ. ನಾ ಹೇಳಿದ್ರ ಅಕಿ ನಾಚಿ ಪೂಜಿನ ಬಿಟ್ಟಬಿಡತಾಳ. ಬಿಡೂದು ಬ್ಯಾಡ. ನಿನ್ನ ಮಾತ ಅಕಿ ಕೇಳತಾಳ. ಹಂಗ ಮಾತಿನಾಗ ಮಾತ ತಗದು, ನಮ್ಮ ತವರೂರ ದಿಗ್ಗೇವಾಡಿ ಕಡೆ ಮಶೀನಿಗಿ ಕುಂಕುಮ ಹಣಿಗಿ ಅಲ್ಲ, ಕಾಲಿಗಿ ಹಚ್ಚತಾರ ಅಂತ ಹೇಳಿಬಿಡು. ಎಡಗಾಲಿಗಿ ಅನ್ನು. ಬಲಗಾಲ ಹತ್ರ ವಾಯರ ಅದಾವ.”