ಅಜ್ಜಿ ಕೊಟ್ಟ ಹೆಬ್ಬಾಗಿಲು

ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಬಾಡಿಗೆ ಮನೆಯ ಬಾಗಿಲು ನನಗಿಂತ ಗೇಣು ಎತ್ತರ. ಆದರೂ ದಾಟುವಾಗ ನನ್ನ ತಲೆ ತಾನಾಗಿ ಬಗ್ಗುತ್ತದೆ. ನಗಬೇಡಿ, ಖಾನಾಪುರದ ವಾಡೆಯಲ್ಲಿ ಬೆಳೆದ ಕುತ್ತಿಗೆ ಇದು.

ಆ ವಾಡೆಯ ತೇಗದ ಹೆಬ್ಬಾಗಿಲನ್ನು ಆನೆ ಅಂಬಾರಿ ಸಮೇತ ಬರಲೆಂದು ಮಾಡಿಸಿದ್ದರಂತೆ. ಆನೆ ಕಂಡವರು ಮಾತ್ರ ಯಾರೂ ಇಲ್ಲ. ಅದರ ಹೊಟ್ಟೆಯಲ್ಲೇ ಕೊರೆದ ದಿಂಡಿ ಬಾಗಿಲಿನಿಂದ ನಾವು ನುಸುಳಿದರೆ ಒಳಗೆ ಚೌಕದ ಅಂಗಳ, ಕಮಲ ಕೆತ್ತಿದ ಕಂಬಗಳು, ಗೋಡೆಯೊಳಗೇ ಅಡಗಿ ಮಾಳಿಗೆಗೆ ಏರುವ ಮೆಟ್ಟಿಲು. ಇಷ್ಟು ವೈಭವಕ್ಕೆ ಇಷ್ಟು ಕುಳ್ಳ ದಾರಿ ಏಕೆಂದರೆ, ಶತ್ರು ಬಂದರೆ ಮೊದಲು ಕುತ್ತಿಗೆ ಒಳಗಿಡಲಿ, ಕತ್ತಿಗೆ ಸುಲಭ ಎನ್ನುತ್ತಿದ್ದರು ಹಿರಿಯರು. ಶತ್ರು ಬರಲಿಲ್ಲ, ಬಗ್ಗಿದ್ದೆಲ್ಲ ಮನೆಯವರದೇ ಕುತ್ತಿಗೆ.

ಹೆಬ್ಬಾಗಿಲು ತೆರೆಯುತ್ತಿದ್ದುದು ಸೊಸೆ ಒಳಬರಲು, ಹೆಣ ಹೊರಹೋಗಲು ಮಾತ್ರ. ಮದುವೆಯಾದ ಮಗಳೂ ದಿಂಡಿಯಿಂದಲೇ ಹೋಗಬೇಕು, ಮನೆಯ ಲಕ್ಷ್ಮಿ ಅವಳ ಬೆನ್ನು ಹತ್ತಬಾರದೆಂದು. ನನ್ನ ಸೋದರತ್ತೆ ಗಂಗವ್ವ ಹಾಗೇ ಹೋದಳು, ಗಂಡ ಬಿಟ್ಟ ಮೇಲೆ ಹಾಗೇ ಬಗ್ಗಿ ಮರಳಿದಳು. ಎಪ್ಪತ್ತರ ದಶಕದ ಕೊನೆಗೆ ಅವಳಿಗೆ ಬೆಳಗಾವಿಯಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಹೊರಡುವ ಮುಂಜಾನೆ ಅಂಗಳದಲ್ಲಿ ಟ್ರಂಕಿನ ಮೇಲೆ ಕುಳಿತುಬಿಟ್ಟಳು.

"ಅಗಳಿ ತಗಿ ಅಣ್ಣಾ. ದೊಡ್ಡ ಬಾಗಲದಿಂದ ಹೋಗತೀನಿ."

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. "ಹುಚ್ಚಿ, ಜೀವಂತ ಹೆಣ್ಮಗಳು ಅದರಾಗಿಂದ ಹೊರಗ ಹೋಗತಾಳೇನು? ಬಸ್ ತಪ್ಪತೈತಿ, ಏಳು."

"ತಪ್ಪಲಿ. ಹೋಗೂವಾಗ ಬಗ್ಗೀನಿ, ಬರೂವಾಗ ಬಗ್ಗೀನಿ. ಸಾಕಾತು."

ಅಂದು ಹೋಗದಿದ್ದರೆ ಕೆಲಸ ಬೇರೆಯವರ ಪಾಲು. ನಾವು ಮಕ್ಕಳು ಕಂಬದಿಂದ ಕಂಬಕ್ಕೆ ಸುಳಿದಾಡುತ್ತಿದ್ದೆವು. ಜೋಳ ಹಸನು ಮಾಡುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು.

"ಈ ಬಾಗಲಾ ನನಗ ಒಮ್ಮೆ ತಗದಾರ. ಇನ್ನೊಮ್ಮೆ ತಗಿಯೂದೈತಿ. ಅದನ್ನ ನನ್ನ ಮಗಳಿಗೆ ಕೊಟ್ಟೀನಿ. ತಗಿಯಪಾ."

"ಮತ್ತ ನಿನಗವ್ವಾ?" ಅಂದ ದೊಡ್ಡಪ್ಪ.

"ನಾ ಏನ ಬಗ್ಗಂಗಿಲ್ಲ ಆವಾಗ. ಹೊತ್ತವರು ಬಗ್ಗತೀರಿ!"

ಅಗಳಿ ನರಳಿತು. ಅತ್ತೆ ನಟ್ಟನಡುವಿನಿಂದ, ಬಸ್ಸಿನ ಅವಸರವನ್ನೂ ಮರೆತವಳಂತೆ, ನಿಧಾನವಾಗಿ ನಡೆದುಹೋದಳು. ಲಕ್ಷ್ಮಿಯೂ ಹಿಂದೆ ಹೋದಳೇ ಎಂದು ದೊಡ್ಡಪ್ಪ ಬಹಳ ದಿನ ಚಡಪಡಿಸಿದ.

ವರ್ಷಗಳ ಮೇಲೆ ಅಜ್ಜಿ ತೀರಿಕೊಂಡಾಗ, ಯಾರೂ ಹೇಳುವ ಮೊದಲೇ ದೊಡ್ಡಪ್ಪ ಹೆಬ್ಬಾಗಿಲನ್ನು ತಾನೇ ಪೂರ್ತಿ ತೆರೆದ. ಬೆಳಗಾವಿಯಿಂದ ಬಂದ ಅತ್ತೆ ನೆಟ್ಟಗೆ ಒಳನಡೆದಳು. ಅಜ್ಜಿಯನ್ನು ನಮ್ಮ ಪದ್ಧತಿಯಂತೆ ಹೂವಿನ ವಿಮಾನದಲ್ಲಿ ಕೂಡಿಸಿ ಹೊತ್ತು ಹೊರಟಾಗ ನಾನೂ ಹೆಗಲು ಕೊಟ್ಟಿದ್ದೆ. ಆನೆ ಹಾಯುವಷ್ಟು ದಾರಿಯಿದ್ದರೂ ಹೊತ್ತವರೆಲ್ಲ ಬಗ್ಗಿಯೇ ದಾಟಿದೆವು.

ಈಗ ಹಿಂದವಾಡಿಯ ಹೊಸ್ತಿಲಲ್ಲಿ ತಲೆ ಬಗ್ಗಿದಾಗಲೆಲ್ಲ, ಬಗ್ಗಿಸಿದ್ದು ದಿಂಡಿಯೋ ಅಜ್ಜಿಯೋ ತಿಳಿಯದೆ, ಒಳಗೂ ಹೋಗದೆ ಹೊರಗೂ ಬರದೆ ಒಂದು ಗಳಿಗೆ ನಿಲ್ಲುತ್ತೇನೆ.