ಬೊಂಬಾಯಿ ತುತ್ತೂರಿಗೆ ಕಟ್ಟಿದ ಬೈರಾಸು

ಅದಕ್ಕೇ ಹೇಳಿದ್ದು, ಚಂದಯ್ಯಣ್ಣನನ್ನು ಸುಮ್ಮನೆ ನಟ್ಟು ಬೋಲ್ಟಿನ ಮನುಷ್ಯ ಅಂದುಕೊಳ್ಳಬೇಡಿ ಅಂತ. ಆ ಕಾರಿನ ಸಂಗತಿ ಕೇಳಿದ ಮೇಲೆ ನೀವೇ ಒಪ್ಪುತ್ತೀರಿ.

ಹದಿನಾಲ್ಕು ವರ್ಷ ಹೆಮ್ಮಾಡಿಯ ಅಕ್ಕಿ ಮಿಲ್ಲಿನಲ್ಲಿ ಇಂಜಿನು ನೋಡಿಕೊಂಡವರು ಅವರು. ಅರವತ್ನಾಲ್ಕನೇ ಇಸವಿಯಲ್ಲಿ ಅದನ್ನು ಬಿಟ್ಟು, ಅಲ್ಲೇ ರಸ್ತೆ ಬದಿಯಲ್ಲಿ ಸೋಗೆ ಹೊದೆಸಿದ ಒಂದು ಶೆಡ್ಡು ಹಾಕಿ ಕಾರು ರಿಪೇರಿಗೆ ಕೂತರು. ಜಾಗ ಉಪ್ಪುಂದದ ರತ್ನಾಕರ ಶೆಟ್ಟರದ್ದು. ಶೆಟ್ಟರು ಬೊಂಬಾಯಿಯಲ್ಲಿ ಹೋಟೆಲು ಇಟ್ಟವರು, ಊರಿಗೆ ಬಂದಾಗ ಓಡಾಡಲು ಒಂದು ಸಣ್ಣ ಕಾರು ಇಟ್ಟುಕೊಂಡಿದ್ದರು.

ಒಂದು ಸಲ ಊರಿಗೆ ಬರುವಾಗ ಶೆಟ್ಟರು ಒಂದು ಪೊಟ್ಟಣ ತಂದರು. ಒಳಗೆ ಬೆಳ್ಳಗೆ ಹೊಳೆಯುವ ಗಿಡ್ಡ ತುತ್ತೂರಿಯಂಥದ್ದು, ಜೊತೆಗೆ ಕಾರ್ಬುರೇಟರಿಗೆ ಹಾಕುವ, ಪೆಟ್ರೋಲು ಹೆಚ್ಚು ಬಿಡುವ ಸ್ವಲ್ಪ ದೊಡ್ಡ ತೂತಿನ ಜೆಟ್ಟು. ಇಂಜಿನಿನ ಮೇಲೆ ಅನ್ನದ ಪಾತ್ರೆಯಷ್ಟು ದೊಡ್ಡದಾಗಿ ಕೂತಿದ್ದ ಏರ್ ಕ್ಲೀನರನ್ನು ತೆಗೆದು ಇದನ್ನು ಕೂರಿಸಿದರೆ ಕಾರು ಹೆಚ್ಚು ಗಾಳಿ ಎಳೆದು ಹಾರಿಹೋಗುತ್ತದೆ ಅಂತ ಬೊಂಬಾಯಿಯಲ್ಲಿ ಯಾರೋ ಹೇಳಿದ್ದರಂತೆ. ಜೊತೆಗಿದ್ದ ಚೀಟಿಯ ಚಿತ್ರದಲ್ಲಿ ತುತ್ತೂರಿಯ ಬಾಯಿಗೆ ತಂತಿಬಲೆಯ ಟೊಪ್ಪಿ ಇತ್ತು. ಆ ಟೊಪ್ಪಿ ಪೊಟ್ಟಣದಲ್ಲಿ ಇರಲಿಲ್ಲ.

ಚಂದಯ್ಯಣ್ಣನಿಗೆ ಅದೇ ಚಿಂತೆ. ಮಿಲ್ಲಿನಲ್ಲಿ ಇಂಜಿನಿನ ಬಾಯಿ ತೆರೆದಿಟ್ಟರೆ ಹೊಟ್ಟಿನ ಧೂಳು ನುಂಗಿ ಕೆಡುತ್ತದೆ. ಅಲ್ಲಿ ಅವರು ಮೈ ಒರೆಸುವ ಬೈರಾಸನ್ನು ಎರಡು ಮಡಿಕೆ ಮಾಡಿ ಗಾಳಿಕೊಳವೆಗೆ ಬಿಗಿಯುತ್ತಿದ್ದರು. ತುತ್ತೂರಿ, ಜೆಟ್ಟು ಎರಡನ್ನೂ ಕೂರಿಸಿ ಇಲ್ಲಿಯೂ ಹಾಗೇ ಮಾಡಿದರು. ಹೆಗಲ ಮೇಲಿದ್ದ ಕೆಂಪು ಅಂಚಿನ ಬೈರಾಸನ್ನು ಮಡಿಸಿ, ತುತ್ತೂರಿಯ ಬಾಯಿಗೆ ಹುರಿಹಗ್ಗದಲ್ಲಿ ಕಟ್ಟಿದರು. ಶೆಡ್ಡಿನ ಮುಂದೆ ಸ್ಟಾರ್ಟು ಮಾಡಿದರೆ ಇಂಜಿನು ಶಂಖ ಊದಿದ ಹಾಗೆ ಮೊಳಗಿತು. ಶೆಟ್ಟರು ಚಂದಯ್ಯಣ್ಣನ ಬೆನ್ನು ತಟ್ಟಿದರು.

ಉಪ್ಪುಂದಕ್ಕೆ ಹೊರಟರೆ ಆ ಖುಷಿ ಕಡಲ ಬದಿಯ ತ್ರಾಸಿಯವರೆಗೆ ಮಾತ್ರ. ಮಳೆ ಬಿಟ್ಟಿತ್ತು, ಕಡಲು ಇನ್ನೂ ಬಿಟ್ಟಿರಲಿಲ್ಲ. ಅಲೆ ಕಲ್ಲಿಗೆ ಬಡಿದು ತುಂತುರು ರಸ್ತೆಗೇ ಬೀಳುತ್ತಿತ್ತು. ಅಲ್ಲಿಗೆ ಮುಟ್ಟಿದ ಕಾರು ಕಪ್ಪು ಹೊಗೆ ಬಿಟ್ಟು, ಕೆಮ್ಮಿ, ನಿಂತಿತು. ಚಂದಯ್ಯಣ್ಣ ಬೈರಾಸು ಬಿಚ್ಚಿ ಮುಖ ಒರೆಸಿ ತಲೆಗೆ ಸುತ್ತಿಕೊಂಡರು, ಪ್ಲಗ್ಗು ನೋಡಿದರು, ಪೆಟ್ರೋಲು ನೋಡಿದರು. ಎಲ್ಲ ಸರಿ. ಹ್ಯಾಂಡಲು ತಿರುಗಿಸಿದರೆ ಇಂಜಿನು ಏನೂ ಆಗದ ಹಾಗೆ ಹೊರಟಿತು. ಬೈರಾಸು ಮತ್ತೆ ಕಟ್ಟಿ ಹೊರಟರೆ ಒಂದು ಫರ್ಲಾಂಗು ಹೋಗಿ ನಿಂತಿತು. ಮರವಂತೆ ದಾಟುವುದರೊಳಗೆ ನಾಲ್ಕು ಸಲ ಹೀಗಾಯಿತು. ರಸ್ತೆ ಕಡಲನ್ನು ಬಿಡುವ ನಾವುಂದದ ನಂತರ ಒಮ್ಮೆಯೂ ಇಲ್ಲ.

ರಾತ್ರಿ ಚಂದಯ್ಯಣ್ಣ ಊಟ ಬಿಟ್ಟರು. ಒಂದೇ ಇಂಜಿನು, ಒಂದೇ ಪೆಟ್ರೋಲು. ಮೂರು ಮೈಲಿಗೆ ಮಾತ್ರ ಬರುವ ರೋಗ ಯಾವುದು? ಚಾ ಅಂಗಡಿಯವರು ಅದು ಹಾಯ್ಗುಳಿ ದೈವದ ಜಾಗ, ಕಾಯಿ ಒಡೆಯದೆ ಹೋದರೆ ಬಿಡುವುದಿಲ್ಲ ಅಂದರು. ಮುಂದಿನ ವಾರ ಕಾರು ಅಲ್ಲಿ ನಿಂತದ್ದೇ ಶೆಟ್ಟರು ಕಾಯಿ ಒಡೆದರು. ಚಂದಯ್ಯಣ್ಣ ಕಾಯಿ ನೀರಿನ ಕೈಯನ್ನು ಬಿಚ್ಚಿದ ಬೈರಾಸಿಗೆ ಒರೆಸಿಕೊಂಡರು. ಕಾರು ಹೊರಟಿತು, ಎಲ್ಲರೂ ಕೈ ಮುಗಿದರು. ಬೈರಾಸು ಕಟ್ಟಿ ಒಂದು ಫರ್ಲಾಂಗು ಹೋದದ್ದೇ ಮತ್ತೆ ಕೆಮ್ಮಿತು.

ಶೆಟ್ಟರಿಗೆ ತಾಳ್ಮೆ ಮುಗಿಯಿತು. "ಕಾಣ್ ಚಂದಯ್ಯ, ಇನ್ನೊಂದ್ ಸಲ ನಿಂತ್ರೆ ಹಗ್ಗ ಕಟ್ಟಿ ಮಂಗ್ಳೂರಿಗೆ ಎಳ್ಕಂಡ್ ಹೋತೆ. ನೀನ್ ಶೆಡ್ ಬಿಚ್ಚಿ ಮಿಲ್ಲಿಗೇ ಹೋಯ್ಲಕ್" ಅಂದರು.

ಮೂರನೇ ಸಲ ಹೊರಡುವ ಮೊದಲು ಚಂದಯ್ಯಣ್ಣ ಇಡೀ ಕಾರ್ಬುರೇಟರು ಬಿಚ್ಚಿ ತೊಳೆದರು. ಹಳೇ ಜೆಟ್ಟನ್ನೇ ತಿರುಗಿ ಹಾಕಿದರು. ಇಷ್ಟೆಲ್ಲ ಮಾಡಿಯೂ ಕಾರು ತ್ರಾಸಿಯಲ್ಲೇ ನಿಂತಿತು, ಮೀನಿನ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುವ ಸೀತಕ್ಕನ ಎದುರಿಗೇ. ಶೆಟ್ಟರು ಇಳಿದು ಹಗ್ಗ ಹುಡುಕಲು ಡಿಕ್ಕಿ ತೆಗೆದರು. ಚಂದಯ್ಯಣ್ಣ ಬೈರಾಸು ಬಿಚ್ಚಿ ಕಣ್ಣು ಒರೆಸಿಕೊಂಡರು. ಬೆವರೋ ಮತ್ತೊಂದೋ, ಅವರಿಗೇ ಗೊತ್ತಿಲ್ಲ.

ಮೂರು ಸಲವೂ ಅಲ್ಲೇ ಕೂತು ನೋಡಿದ್ದ ಸೀತಕ್ಕ ಎಲೆಯಡಿಕೆ ಉಗಿದು ಎದ್ದು ಬಂದಳು.

"ಹ್ವಾಯ್ ಚಂದಯ್ಯಣ್ಣ, ಒಂದ್ ಕೇಂತೆ, ಬೈಬೇಡಿ. ಆ ಬೈರಾಸ್ ನಿಮ್ಮ್ ತಲಿ ಮೇಲ್ ಇಪ್ಪತಿಗೆ ಕಾರ್ ಓಡತ್ತ್. ಅದ್ರ್ ಬಾಯಿಗೆ ಕಟ್ರೆ ನಿಲ್ಲತ್ತ್. ಎಂತಕ್ಕೆ?"

ಚಂದಯ್ಯಣ್ಣ ಕೈಯಲ್ಲಿದ್ದ ಬೈರಾಸನ್ನು ತಿರುಗಿಸಿ ನೋಡಿದರು.

"ಒಣಮೀನಿಗೆ ಹೊದ್ಸಿದ್ ಬಟ್ಟಿ ಈ ಕಡಲ್ ಗಾಳಿಗೆ ಅರೆ ಗಳಿಗೆಲಿ ನೀರಾತ್ತ್. ಹಿಂಡಿ ಕಾಣಿ."

ಹಿಂಡಿದರು. ಬೆರಳ ಸಂದಿನಿಂದ ನೀರು ಜಿನುಗಿತು. ಇಷ್ಟು ದಿನ ಅದನ್ನು ತನ್ನದೇ ಬೆವರು ಅಂದುಕೊಂಡಿದ್ದರು. ನಾಲಿಗೆಗೆ ಮುಟ್ಟಿಸಿದರೆ ಕಡಲಿನ ಉಪ್ಪು. ಮಿಲ್ಲಿನ ಧೂಳು ಒಣ ಧೂಳು. ಇಲ್ಲಿಯ ಗಾಳಿಯೇ ಒದ್ದೆ. ಒದ್ದೆ ಬಟ್ಟೆಯಲ್ಲಿ ಮೂಗು ಮುಚ್ಚಿದರೆ ಯಾರು ತಾನೇ ಉಸಿರಾಡುತ್ತಾರೆ?

ಬೈರಾಸನ್ನು ತಲೆಗೇ ಬಿಗಿದುಕೊಂಡು ಹ್ಯಾಂಡಲು ತಿರುಗಿಸಿದರು. ಶೆಟ್ಟರು ಹಗ್ಗ ಹಿಡಿದುಕೊಂಡೇ ಕಾರು ಹತ್ತಿದರು. ಮರವಂತೆ ಹೋಯಿತು, ನಾವುಂದ ಹೋಯಿತು. ಉಪ್ಪುಂದದ ಅಂಗಳದವರೆಗೆ ಶಂಖದ ಸದ್ದು ನಿಲ್ಲಲಿಲ್ಲ. ಇಳಿಯುವಾಗ ಶೆಟ್ಟರು ಹಗ್ಗವನ್ನು ಚಂದಯ್ಯಣ್ಣನ ಕೈಗೆ ಕೊಟ್ಟು, ಶೆಡ್ಡಿನ ಸೋಗೆ ಬಿಗಿಯಲು ಆದೀತು ಅಂದರು.

ಆಮೇಲೆ ಚಂದಯ್ಯಣ್ಣ ಮಿಲ್ಲಿನ ಹಳೇ ಜರಡಿಯ ತಂತಿಬಲೆ ಕತ್ತರಿಸಿ ತುತ್ತೂರಿಗೆ ಟೊಪ್ಪಿ ಹೊಲಿದರು, ನೀರು ಹೊಡೆಯದ ಹಾಗೆ ಮುಂದಕ್ಕೊಂದು ತಗಡು ಅಡ್ಡ ಇಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರಿಗೆ ಈಗ ಬೇರೆಯೇ ತಲೆಬಿಸಿ. ಕಾರು ಹಾರುತ್ತದೆ ಅಂತ ಶೆಟ್ಟರು ಊರಿಡೀ ಹೇಳುತ್ತಾರೆ. ಗಡಿಯಾರ ಹಿಡಿದು ನೋಡಿದರೆ ಹೆಮ್ಮಾಡಿಯಿಂದ ಉಪ್ಪುಂದಕ್ಕೆ ಹಳೇ ಏರ್ ಕ್ಲೀನರು ಇದ್ದಾಗ ಎಷ್ಟು ನಿಮಿಷವೋ ಈಗಲೂ ಅಷ್ಟೇ. ಹೆಚ್ಚಾದದ್ದು ಓಟವೋ, ಬರೀ ಸದ್ದೋ? ನಾಲ್ಕು ವರ್ಷವಾಯಿತು, ಶೆಡ್ಡಿಗೆ ಬಂದವರನ್ನೆಲ್ಲ ಕೇಳುತ್ತಾರೆ.

ನೀವೂ ಒಮ್ಮೆ ಹೋಗಿ. ಹೆಮ್ಮಾಡಿಯಲ್ಲಿ ಬಸ್ಸು ಇಳಿದು, ಮಿಲ್ಲು ದಾಟಿದ ಮೇಲೆ ಎಡಕ್ಕೆ ನೋಡಿ. ತಲೆಗೆ ಕೆಂಪು ಅಂಚಿನ ಬೈರಾಸು ಸುತ್ತಿಕೊಂಡು ಬಾನೆಟ್ಟಿನೊಳಗೆ ಬಗ್ಗಿದವರು ಅವರೇ. ಉತ್ತರ ಗೊತ್ತಿದ್ದರೆ ಹೇಳಿ ಬನ್ನಿ. ಗೊತ್ತಿಲ್ಲದಿದ್ದರೂ ಕೂತುಕೊಳ್ಳಿ, ಚಾ ತರಿಸುತ್ತಾರೆ.